ಗೆರೆಯ ಹೊರಗೆ ನಿಂತವನು

ಬಾಸ್ಕೆಟ್‌ಬಾಲ್ ಅಂಗಳದ ಉದ್ದ ೯೪ ಅಡಿ, ಅಗಲ ೫೦ ಅಡಿ. ಆ ಸೀಮೆಯೊಳಗೆ ಹತ್ತು ಮಂದಿ ಓಡುತ್ತಾರೆ, ನೆಗೆಯುತ್ತಾರೆ, ಒಂದು ಚೆಂಡಿಗಾಗಿ ಸೆಣಸುತ್ತಾರೆ. ಅಂಗಳದ ಗೆರೆಯ ಹೊರಗೆ ಒಬ್ಬ ವ್ಯಕ್ತಿ ಒಮ್ಮೆ ಕೈಕಟ್ಟಿ, ಒಮ್ಮೆ ಕೈಬೀಸಿ, ಅತ್ತಿಂದಿತ್ತ ಹೆಜ್ಜೆ ಹಾಕುತ್ತಿರುತ್ತಾನೆ. ಅವನು ಚೆಂಡನ್ನು ಮುಟ್ಟುವಂತಿಲ್ಲ. ಆಟದ ನಡುವೆ ಗೆರೆ ದಾಟಿ ಒಳಗೆ ಬರುವಂತಿಲ್ಲ. ಅವನ ಹೆಸರಿಗೆ ಒಂದು ಅಂಕವೂ ಸೇರುವುದಿಲ್ಲ. ಆದರೆ ಪಂದ್ಯ ಮುಗಿದ ಮೇಲೆ ಸೋಲನ್ನು ಬರೆಯುವುದು ಅವನ ಹೆಸರಿನ ಮುಂದೆ. ಅವನೇ ತಂಡದ ತರಬೇತುದಾರ.

ಶಾಲೆಯ ತಂಡ ಸೋತರೆ ಶಿಕ್ಷಕರು ಮಕ್ಕಳ ಬೆನ್ನು ತಟ್ಟಿ ಮನೆಗೆ ಕಳುಹಿಸುತ್ತಾರೆ; ಮಾರನೆಯ ದಿನ ಎಂದಿನಂತೆ ಗಂಟೆ ಹೊಡೆಯುತ್ತದೆ. ಆಟವನ್ನೇ ವೃತ್ತಿಯಾಗಿ ಮಾಡಿಕೊಂಡ ಲೋಕದ ಮಾತು ಬೇರೆ. ಅಮೆರಿಕದ ನ್ಯಾಷನಲ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ನಡೆಸುವ ಪಂದ್ಯಾವಳಿಯಲ್ಲಿ ೩೦ ತಂಡಗಳಿವೆ. ಒಂದು ಋತುವಿನಲ್ಲಿ ಪ್ರತಿಯೊಂದು ತಂಡವೂ ೮೨ ಪಂದ್ಯಗಳನ್ನು ಆಡುತ್ತದೆ. ಪ್ರತಿ ಪಂದ್ಯದಲ್ಲಿಯೂ ಇಬ್ಬರು ತರಬೇತುದಾರರಲ್ಲಿ ಒಬ್ಬ ಸೋಲಲೇಬೇಕು. ವರ್ಷದ ಕೊನೆಗೆ ಒಬ್ಬನಿಗೆ ಮಾತ್ರ ಕಿರೀಟ, ಉಳಿದ ೨೯ ಮಂದಿಗೆ ನಿರಾಶೆ. ಸೋತವನೆಲ್ಲ ಅಸಮರ್ಥನೆಂದರೆ ಆ ವೃತ್ತಿಯಲ್ಲಿ ಸಮರ್ಥರೇ ಉಳಿಯುವುದಿಲ್ಲ. ಹಾಗಾದರೆ ತರಬೇತುದಾರನ ಸೋಲು ಯಾವುದು? ಯಾವ ಕೊರತೆಯಿಂದ ಅವನು ವಿಫಲನಾಗುತ್ತಾನೆ? ಯಾವ ಸೋಲು ಅವನದು, ಯಾವುದು ಅವನ ಮೇಲೆ ಹೇರಿದ್ದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಆಟದ ಮೂಲಕ್ಕೇ ಹೋಗಬೇಕಾಗುತ್ತದೆ.

೧೮೯೧ನೆಯ ಇಸವಿಯ ಡಿಸೆಂಬರ್ ತಿಂಗಳು. ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯೊಂದಿತ್ತು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತಿದ್ದ ವಿದ್ಯಾರ್ಥಿಗಳಿಗಾಗಿ ಕೆನಡಾ ದೇಶದಿಂದ ಬಂದಿದ್ದ ಜೇಮ್ಸ್ ನೈಸ್ಮಿತ್ ಎಂಬ ತರುಣ ಶಿಕ್ಷಕರು ಒಂದು ಹೊಸ ಆಟವನ್ನು ಕಲ್ಪಿಸಿದರು. ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ೧೩ ನಿಯಮಗಳನ್ನು ಬರೆದು, ೧೮ ವಿದ್ಯಾರ್ಥಿಗಳನ್ನು ಎರಡು ತಂಡಗಳಾಗಿ ಮಾಡಿ ಆಡಿಸಿದರು. ಇದೇ ಬಾಸ್ಕೆಟ್‌ಬಾಲಿನ ಹುಟ್ಟು. ೧೮೯೮ರಲ್ಲಿ ನೈಸ್ಮಿತ್ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿನ ತಂಡಕ್ಕೆ ೧೯೦೭ರವರೆಗೆ ಮೊದಲ ತರಬೇತುದಾರರಾಗಿದ್ದರು. ಆ ಅವಧಿಯಲ್ಲಿ ತಂಡ ಗೆದ್ದ ಪಂದ್ಯಗಳು ೫೫, ಸೋತವು ೬೦. ಆ ವಿಶ್ವವಿದ್ಯಾನಿಲಯದ ಪುರುಷರ ತಂಡವನ್ನು ನಡೆಸಿದ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವವರು ನೈಸ್ಮಿತ್ ಒಬ್ಬರೇ! ಆಟವನ್ನು ಹುಟ್ಟಿಸಿದವರೇ ಅದನ್ನು ಗೆಲ್ಲಿಸಲಾರದೆ ಹೋದರು. ಈ ಆಟವನ್ನು ಆಡಬೇಕೇ ಹೊರತು ಹೇಳಿಕೊಡುವುದಲ್ಲ ಎಂಬ ಅರ್ಥದ ಮಾತನ್ನು ಅವರು ತಮ್ಮ ಶಿಷ್ಯ ಫಾರೆಸ್ಟ್ ಆಲನ್‌ಗೆ ನಗುತ್ತ ಹೇಳಿದರೆಂದು ಪ್ರತೀತಿ. ಗೆಲುವು ಅವರ ಗುರಿಯೇ ಆಗಿರಲಿಲ್ಲ. ಹುಡುಗರ ಮೈಮನಸ್ಸು ಹದಗೊಳ್ಳಬೇಕೆಂಬುದಷ್ಟೇ ಅವರ ಆಸೆ. ಆದ್ದರಿಂದ ಆ ೬೦ ಸೋಲುಗಳನ್ನು ಯಾರೂ ಅವರ ಮೇಲೆ ಹೊರಿಸಲಿಲ್ಲ.

ಆಟ ವೃತ್ತಿಯಾದ ಮೇಲೆ ಇಂತಹ ಕ್ಷಮೆ ಎಲ್ಲಿಯದು? ೧೯೭೨ರಲ್ಲಿ ಫಿಲಡೆಲ್ಫಿಯಾ ನಗರದ ತಂಡಕ್ಕೆ ರಾಯ್ ರೂಬಿನ್ ಎಂಬುವರು ತರಬೇತುದಾರರಾಗಿ ಬಂದರು. ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯದ ತಂಡವನ್ನು ಅನೇಕ ವರ್ಷ ನಡೆಸಿ ಒಳ್ಳೆಯ ಹೆಸರು ಗಳಿಸಿದ್ದವರು ಅವರು. ಫಿಲಡೆಲ್ಫಿಯಾ ತಂಡವೂ ಸಾಮಾನ್ಯವಾದುದಲ್ಲ. ೧೯೬೬–೬೭ರಲ್ಲಿ ೬೮ ಪಂದ್ಯಗಳನ್ನು ಗೆದ್ದು ಕಿರೀಟ ಧರಿಸಿದ ತಂಡ. ಆದರೆ ರೂಬಿನ್ ಬರುವ ವೇಳೆಗೆ ಆ ವೈಭವ ಹಳೆಯ ಕಥೆಯಾಗಿತ್ತು. ಮಹಾಕಾಯನಾದ ವಿಲ್ಟ್ ಚೇಂಬರ್ಲಿನ್‌ನನ್ನು ೧೯೬೮ರಲ್ಲಿಯೇ ಬೇರೆ ತಂಡಕ್ಕೆ ಕೊಟ್ಟಾಗಿತ್ತು. ಉಳಿದಿದ್ದ ಹಿರಿಯ ಆಟಗಾರ ಬಿಲ್ಲಿ ಕನಿಂಗ್‌ಹ್ಯಾಂ ಕೂಡ ೧೯೭೨ರಲ್ಲಿ ತಂಡವನ್ನು ಬಿಟ್ಟುಹೋದನು. ಮೊದಲ ೧೫ ಪಂದ್ಯಗಳಲ್ಲಿ ಹದಿನೈದನ್ನೂ ಸೋತು ತಂಡದ ಪಯಣ ಆರಂಭವಾಯಿತು. ೫೧ ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದಾಗ, ೧೯೭೩ರ ಜನವರಿಯಲ್ಲಿ, ರೂಬಿನ್ ಅವರನ್ನು ತೆಗೆದುಹಾಕಲಾಯಿತು. ತಂಡದ ಆಟಗಾರನೇ ಆಗಿದ್ದ ಕೆವಿನ್ ಲಾಗ್ರಿ ಆ ಹೊಣೆಯನ್ನು ಹೊತ್ತನು. ಉಳಿದ ೩೧ ಪಂದ್ಯಗಳಲ್ಲಿ ತಂಡ ಗೆದ್ದದ್ದು ಐದು. ಒಟ್ಟು ಲೆಕ್ಕ ೯ ಗೆಲುವು, ೭೩ ಸೋಲು. ೮೨ ಪಂದ್ಯಗಳ ಋತುವಿನಲ್ಲಿ ಅಷ್ಟು ಕಡಮೆ ಗೆಲುವು ಬೇರಾವ ತಂಡದ ಪಾಲಿಗೂ ಬಂದಿಲ್ಲ.

ಈ ಅಂಕಿಗಳನ್ನು ನಿಧಾನವಾಗಿ ನೋಡಬೇಕು. ರೂಬಿನ್ ಅವರ ಕಾಲದಲ್ಲಿ ಸುಮಾರು ಹದಿಮೂರು ಪಂದ್ಯಗಳಿಗೆ ಒಂದು ಗೆಲುವು. ಲಾಗ್ರಿಯ ಕಾಲದಲ್ಲಿ ಆರು ಪಂದ್ಯಗಳಿಗೆ ಒಂದು. ತರಬೇತುದಾರ ಬದಲಾದುದರಿಂದ ವ್ಯತ್ಯಾಸವಾಯಿತೆಂಬುದು ನಿಜ. ಆದರೆ ಆರರಲ್ಲಿ ಐದನ್ನು ಆಮೇಲೆಯೂ ಸೋತರೆಂಬುದೂ ಅಷ್ಟೇ ನಿಜ. ಬರಿದಾದ ಕಣಜದಿಂದ ಅನ್ನ ಮಾಡಿ ಬಡಿಸೆಂದರೆ ಅಡುಗೆಯವನು ಏನು ಮಾಡಿಯಾನು? ಕಣಜವನ್ನು ಬರಿದುಮಾಡಿದವರು ಬೇರೆ, ಹಸಿದವರ ಬೈಗುಳ ತಿಂದವನು ಬೇರೆ. ರೂಬಿನ್ ಅವರಿಗೆ ವೃತ್ತಿಪರ ತಂಡವನ್ನು ನಡೆಸುವ ಅವಕಾಶ ಮತ್ತೆ ಬರಲಿಲ್ಲ.

ಎಲ್ಲ ಸೋಲನ್ನೂ ಹೀಗೆ ವಿಧಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ತರಬೇತುದಾರರಿಗೂ ಅನ್ವಯಿಸುತ್ತದೆ. ಅವರದೇ ಆದ ಕೊರತೆಗಳೂ ಉಂಟು.

ಮೊದಲನೆಯದು, ಬಲ್ಲವನು ಕಲಿಸಲಾರದೆ ಹೋಗುವುದು. ಮ್ಯಾಜಿಕ್ ಜಾನ್ಸನ್ ಎಂಬ ಆಟಗಾರ ಲಾಸ್ ಏಂಜಲೀಸ್ ನಗರದ ಲೇಕರ್ಸ್ ತಂಡಕ್ಕೆ ಐದು ಸಲ ಕಿರೀಟ ತಂದುಕೊಟ್ಟವನು. ಚೆಂಡನ್ನು ಯಾರಿಗೆ, ಯಾವ ಗಳಿಗೆಯಲ್ಲಿ, ಯಾವ ಕೋನದಿಂದ ಕೊಡಬೇಕೆಂಬುದರಲ್ಲಿ ಅವನಿಗೆ ಸಮನಾದವರು ವಿರಳ. ೧೯೯೪ರ ಮಾರ್ಚಿಯಲ್ಲಿ ಅದೇ ತಂಡ ಅವನನ್ನು ತರಬೇತುದಾರನಾಗಿ ಕರೆಯಿತು. ೧೬ ಪಂದ್ಯಗಳಲ್ಲಿ ಗೆದ್ದದ್ದು ಐದು. ಕೊನೆಯ ಹತ್ತು ಪಂದ್ಯಗಳಲ್ಲಿ ಒಂದಾದ ಮೇಲೊಂದು ಸೋಲು. ಋತು ಮುಗಿದೊಡನೆ ಅವನು ಆ ಕೆಲಸದಿಂದ ಹಿಂದೆ ಸರಿದನು. ಪ್ರತಿಭಾವಂತನಿಗೆ ಕಣ್ಣಿಗೆ ಕಂಡದ್ದು ಕೈಗೆ ಬಂದುಬಿಡುತ್ತದೆ. ನಡುವಿನ ಮೆಟ್ಟಿಲುಗಳನ್ನು ಅವನು ಎಣಿಸಿರುವುದಿಲ್ಲ. ಕಲಿಯುವವನಿಗೆ ಬೇಕಾದುದು ಆ ಮೆಟ್ಟಿಲುಗಳೇ. ಗಣಿತದಲ್ಲಿ ಉತ್ತರವನ್ನು ಒಮ್ಮೆಗೇ ಹೇಳಿಬಿಡುವ ಜಾಣ ಹುಡುಗ ಪಕ್ಕದಲ್ಲಿ ಕುಳಿತವನಿಗೆ ಲೆಕ್ಕ ಬಿಡಿಸಿ ತೋರಿಸಲು ತಡವರಿಸುವುದು ಪ್ರತಿ ತರಗತಿಯಲ್ಲಿಯೂ ಕಾಣುವ ಸಂಗತಿ.

ಎರಡನೆಯದು, ನಂಬಿಕೆಯ ಕೊರತೆ. ಡೇವಿಡ್ ಬ್ಲ್ಯಾಟ್ ಯೂರೋಪಿನಲ್ಲಿ ದೊಡ್ಡ ಹೆಸರು ಮಾಡಿದವರು. ೨೦೦೭ರಲ್ಲಿ ರಷ್ಯಾ ದೇಶದ ತಂಡಕ್ಕೂ ೨೦೧೪ರಲ್ಲಿ ಇಸ್ರೇಲಿನ ಮಕಾಬಿ ತಂಡಕ್ಕೂ ಯೂರೋಪಿನ ಕಿರೀಟಗಳನ್ನು ಗಳಿಸಿಕೊಟ್ಟು, ಅನಂತರ ಅಮೆರಿಕದ ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದರು. ಮೊದಲ ವರ್ಷವೇ ತಂಡ ಅಂತಿಮ ಸುತ್ತಿನವರೆಗೆ ಹೋಯಿತು. ಮರುವರ್ಷ ೪೧ ಪಂದ್ಯಗಳಲ್ಲಿ ೩೦ನ್ನು ಗೆದ್ದಿತ್ತು. ಅಂತಹ ಹೊತ್ತಿನಲ್ಲಿ, ೨೦೧೬ರ ಜನವರಿಯಲ್ಲಿ, ಅವರನ್ನು ಕೆಲಸದಿಂದ ತೆಗೆಯಲಾಯಿತು. ತಂಡವೂ ತರಬೇತುದಾರರೂ ಒಂದಾಗಿ ಬೆಸೆದುಕೊಂಡಿಲ್ಲವೆಂಬುದು ಆಡಳಿತಗಾರರ ಅಭಿಪ್ರಾಯವಾಗಿತ್ತು. ಅವರ ಸಹಾಯಕರಾಗಿದ್ದ ಟೈರಾನ್ ಲೂ ಆ ಸ್ಥಾನಕ್ಕೆ ಬಂದರು; ಅದೇ ವರ್ಷ ಅಂತಿಮ ಸುತ್ತಿನಲ್ಲಿ ಒಂದಕ್ಕೆ ಮೂರು ಪಂದ್ಯಗಳಿಂದ ಹಿಂದೆ ಬಿದ್ದಿದ್ದ ತಂಡ ಉಳಿದ ಮೂರನ್ನೂ ಗೆದ್ದು ಕಿರೀಟ ಧರಿಸಿತು. ವೃತ್ತಿಪರ ತಂಡದಲ್ಲಿ ಆಟಗಾರನ ಸಂಬಳ ತರಬೇತುದಾರನ ಸಂಬಳಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರುವುದುಂಟು. ಅಪ್ಪಣೆಯಿಂದ ಅಂತಹವರನ್ನು ಓಡಿಸಲಾಗದು. ಅವರು ಒಪ್ಪಿ ಓಡಬೇಕು. ಒಪ್ಪುವುದಕ್ಕೆ ಹೇಳುವವನಲ್ಲಿ ನಂಬಿಕೆ ಇರಬೇಕು. ಆ ನಂಬಿಕೆ ಬೆಳೆಯದಿದ್ದಾಗ ಗೆಲುವು ಕೂಡ ತರಬೇತುದಾರನನ್ನು ಕಾಪಾಡದು.

ಮೂರನೆಯದು, ತಾಳ್ಮೆಗೇಡು. ೧೯೯೭ರಲ್ಲಿ ರಿಕ್ ಪಿಟಿನೊ ಬಾಸ್ಟನ್ ನಗರದ ಪ್ರಸಿದ್ಧ ಸೆಲ್ಟಿಕ್ಸ್ ತಂಡಕ್ಕೆ ಬಂದರು. ಹಿಂದಿನ ವರ್ಷ ಕೆಂಟಕಿ ವಿಶ್ವವಿದ್ಯಾನಿಲಯದ ತಂಡವನ್ನು ರಾಷ್ಟ್ರ ವಿಜೇತರನ್ನಾಗಿ ಮಾಡಿದ್ದವರು ಅವರು. ಬಾಸ್ಟನ್ನಿನಲ್ಲಿ ತರಬೇತಿಯ ಜೊತೆಗೆ ಸಂಸ್ಥೆಯ ಅಧ್ಯಕ್ಷ ಪದವಿಯೂ ಅವರಿಗೆ ಸಂದಿತು; ಆಡಿಸುವವರೂ ಅವರೇ, ಆಟಗಾರರನ್ನು ಕೊಳ್ಳುವವರೂ ಕೊಡುವವರೂ ಅವರೇ. ಆ ವರ್ಷ ಆರಿಸಿಕೊಂಡ ಹೊಸಬರಲ್ಲಿ ಚಾನ್ಸಿ ಬಿಲಪ್ಸ್ ಎಂಬ ತರುಣನಿದ್ದನು. ಅವನು ೫೧ ಪಂದ್ಯಗಳನ್ನು ಆಡುವಷ್ಟರಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಆರು ವರ್ಷಗಳ ಅನಂತರ, ೨೦೦೪ರಲ್ಲಿ, ಅದೇ ಬಿಲಪ್ಸ್ ಡೆಟ್ರಾಯಿಟ್ ತಂಡದಲ್ಲಿ ಆಡಿ, ಅಂತಿಮ ಸುತ್ತಿನ ಅತ್ಯುತ್ತಮ ಆಟಗಾರನೆಂಬ ಗೌರವಕ್ಕೆ ಪಾತ್ರನಾದನು. ಪಿಟಿನೊ ೨೦೦೧ರ ಜನವರಿಯಲ್ಲಿ ಬಾಸ್ಟನ್ ಬಿಟ್ಟಾಗ ಅವರ ಲೆಕ್ಕ ೧೦೨ ಗೆಲುವು, ೧೪೬ ಸೋಲು. ಸಸಿ ನೆಟ್ಟವನು ಬೇರು ಬಿಟ್ಟಿದೆಯೇ ಎಂದು ದಿನವೂ ಕಿತ್ತು ನೋಡಿದರೆ ಗಿಡ ಉಳಿಯುವುದಿಲ್ಲ.

ಇಲ್ಲಿ ಅದೃಷ್ಟದ ಮಾತೂ ಸೇರಿಕೊಂಡಿದೆ. ಸೋತ ತಂಡಗಳಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯನ್ನು ಚೀಟಿ ಎತ್ತುವಂತಹ ಕ್ರಮದಿಂದ ನಿರ್ಧರಿಸುತ್ತಾರೆ. ೧೯೯೭ರಲ್ಲಿ ಎಲ್ಲರ ಕಣ್ಣೂ ಟಿಮ್ ಡಂಕನ್ ಎಂಬ ನೀಳಕಾಯದ ತರುಣನ ಮೇಲಿತ್ತು. ಬಾಸ್ಟನ್ನಿಗೆ ಸಿಕ್ಕಿದ್ದು ಮೂರನೆಯ ಮತ್ತು ಆರನೆಯ ಸರದಿಗಳು. ಮೊದಲ ಸರದಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ತಂಡಕ್ಕೆ ಹೋಯಿತು. ಆ ತಂಡದ ತರಬೇತುದಾರ ಗ್ರೆಗ್ ಪಾಪವಿಚ್. ಮೊದಲ ಋತುವಿನಲ್ಲಿ ಅವರ ಸ್ಥಿತಿಯೇನೂ ಮೇಲಾಗಿರಲಿಲ್ಲ. ೧೯೯೬ರ ಡಿಸೆಂಬರಿನಲ್ಲಿ ಅವರು ಹೊಣೆ ಹೊತ್ತಾಗ ತಂಡದ ಆಧಾರಸ್ತಂಭವಾದ ಡೇವಿಡ್ ರಾಬಿನ್ಸನ್ ಗಾಯದಿಂದಾಗಿ ಋತುವಿನ ಬಹುಪಾಲು ಆಡಲಾಗಲಿಲ್ಲ. ಪಾಪವಿಚ್ ನಡೆಸಿದ ೬೪ ಪಂದ್ಯಗಳಲ್ಲಿ ೪೭ ಸೋಲು. ಡಂಕನ್ ಬಂದ ಮೇಲೂ ೧೯೯೮–೯೯ರ ಋತುವಿನ ಮೊದಲ ೧೪ ಪಂದ್ಯಗಳಲ್ಲಿ ಎಂಟನ್ನು ಸೋತಾಗ ಅವರನ್ನು ತೆಗೆಯಬೇಕೆಂಬ ಮಾತು ಎದ್ದಿತು. ತೆಗೆಯಲಿಲ್ಲ. ಆ ವರ್ಷವೇ ತಂಡ ಕಿರೀಟ ಧರಿಸಿತು. ಮುಂದೆ ೨೦೦೩, ೨೦೦೫, ೨೦೦೭ ಮತ್ತು ೨೦೧೪ರಲ್ಲಿ ಮತ್ತೆ ಮತ್ತೆ ಗೆದ್ದಿತು. ೨೦೨೫ರಲ್ಲಿ ಪಾಪವಿಚ್ ಆ ಸ್ಥಾನದಿಂದ ಇಳಿಯುವವರೆಗೆ ಒಂದೇ ತಂಡವನ್ನು ನಡೆಸಿದರು. ಡಂಕನ್ ದೊರೆತದ್ದು ಅದೃಷ್ಟ. ಅವನನ್ನು ಹತ್ತೊಂಬತ್ತು ವರ್ಷ ಒಂದೇ ತಂಡದಲ್ಲಿ ಮನಸ್ಸಿಟ್ಟು ಆಡುವಂತೆ ಉಳಿಸಿಕೊಂಡದ್ದು ಅದೃಷ್ಟವಲ್ಲ. ಆದರೆ ಆ ಹದಿನಾಲ್ಕನೆಯ ಪಂದ್ಯದಂದೇ ಬಾಗಿಲು ಮುಚ್ಚಿದ್ದರೆ, ಇಂದು ಪಾಪವಿಚ್ ಅವರ ಹೆಸರೂ ವಿಫಲರ ಪಟ್ಟಿಯಲ್ಲಿ ಇರುತ್ತಿತ್ತು.

ನಾಲ್ಕನೆಯ ಕೊರತೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದನ್ನು ಅರಿಯಲು ಪಾಲ್ ವೆಸ್ಟ್‌ಹೆಡ್ ಎಂಬುವರ ಜೀವನವನ್ನು ನೋಡಬೇಕು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ, ಷೇಕ್ಸ್‌ಪಿಯರನ ನಾಟಕಗಳಲ್ಲಿ ಪರಿಶ್ರಮವಿದ್ದ ಮೇಷ್ಟರು ಅವರು. ೧೯೭೯ರಲ್ಲಿ ಲೇಕರ್ಸ್ ತಂಡದ ಮುಖ್ಯ ತರಬೇತುದಾರರು ಸೈಕಲ್ಲಿನಿಂದ ಬಿದ್ದು ತೀವ್ರವಾಗಿ ಗಾಯಗೊಂಡಾಗ, ಸಹಾಯಕರಾಗಿದ್ದ ವೆಸ್ಟ್‌ಹೆಡ್ ಆ ಸ್ಥಾನಕ್ಕೆ ಬಂದರು. ೧೯೮೦ರಲ್ಲಿ ತಂಡ ಕಿರೀಟ ಗೆದ್ದಿತು. ಆದರೆ ಅವರು ರೂಪಿಸಿದ ಆಟದ ಕ್ರಮ ಹಿರಿಯ ಆಟಗಾರರಿಗೆ ಒಗ್ಗಲಿಲ್ಲ. ೧೯೮೧ರ ನವೆಂಬರಿನಲ್ಲಿ, ತಂಡ ಸತತವಾಗಿ ಐದು ಪಂದ್ಯಗಳನ್ನು ಗೆದ್ದಿದ್ದಾಗಲೇ, ಅವರನ್ನು ತೆಗೆದುಹಾಕಲಾಯಿತು.

ವೆಸ್ಟ್‌ಹೆಡ್ ಅವರ ಮನಸ್ಸಿನಲ್ಲಿ ಒಂದು ಕನಸು ಬೇರೂರಿತ್ತು. ಚೆಂಡು ಕೈಗೆ ಬಂದ ಕೆಲವೇ ಸೆಕೆಂಡುಗಳಲ್ಲಿ ಬುಟ್ಟಿಗೆ ಎಸೆಯಬೇಕು. ಎದುರಾಳಿಗಳನ್ನು ಅಂಗಳದ ಉದ್ದಕ್ಕೂ ಅಟ್ಟಬೇಕು. ಅವರ ಉಸಿರು ಸೋಲುವವರೆಗೆ ಓಡುತ್ತಲೇ ಇರಬೇಕು. ಲಯೋಲಾ ಮೇರಿಮೌಂಟ್ ಎಂಬ ಸಣ್ಣ ವಿಶ್ವವಿದ್ಯಾನಿಲಯದಲ್ಲಿ ಈ ಕನಸು ಫಲಿಸಿತು. ೧೯೮೯–೯೦ರಲ್ಲಿ ಆ ತಂಡ ಪಂದ್ಯವೊಂದಕ್ಕೆ ಸರಾಸರಿ ೧೨೨.೪ ಅಂಕಗಳನ್ನು ಗಳಿಸಿತು. ೧೯೯೦ರ ಮಾರ್ಚಿಯಲ್ಲಿ ತಂಡದ ಮುಖ್ಯ ಆಟಗಾರ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆಯೇ ಕುಸಿದುಬಿದ್ದು ತೀರಿಕೊಂಡನು. ಆ ದುಃಖವನ್ನು ಎದೆಯಲ್ಲಿಟ್ಟುಕೊಂಡೇ ಅವನ ಸಂಗಡಿಗರು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟು ತಂಡಗಳಲ್ಲಿ ಒಂದಾಗುವವರೆಗೆ ಆಡಿದರು.

ಅದೇ ವರ್ಷ ಡೆನ್ವರ್ ನಗರದ ವೃತ್ತಿಪರ ತಂಡ ವೆಸ್ಟ್‌ಹೆಡ್ ಅವರನ್ನು ಕರೆಯಿತು. ಡೆನ್ವರ್ ಸಮುದ್ರಮಟ್ಟದಿಂದ ೫,೨೮೦ ಅಡಿ, ಅಂದರೆ ಒಂದು ಮೈಲಿ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳು. ಕೆಳನಾಡಿನಿಂದ ಬಂದ ತಂಡಗಳು ಇಲ್ಲಿ ಓಡಲಾರದೆ ಸೋಲುತ್ತವೆಂಬುದು ಎಣಿಕೆ. ನಡೆದದ್ದು ಬೇರೆ. ೧೯೯೦ರ ನವೆಂಬರ್ ೨ರಂದು ಮೊದಲ ಪಂದ್ಯದಲ್ಲಿಯೇ ಡೆನ್ವರ್ ೧೫೮ ಅಂಕ ಗಳಿಸಿಯೂ ಸೋತಿತು. ಎದುರಾಳಿಗಳು ಗಳಿಸಿದ್ದು ೧೬೨! ಎಂಟು ದಿನಗಳ ಅನಂತರ ಫೀನಿಕ್ಸ್ ತಂಡ ಅರ್ಧ ಪಂದ್ಯದಲ್ಲಿಯೇ ೧೦೭ ಅಂಕಗಳನ್ನು ಕೊಳ್ಳೆಹೊಡೆಯಿತು. ಆ ಋತುವಿನಲ್ಲಿ ಡೆನ್ವರ್ ಪ್ರತಿ ಪಂದ್ಯಕ್ಕೆ ಸರಾಸರಿ ೧೧೯.೯ ಅಂಕ ಗಳಿಸಿ ೧೩೦.೮ ಅಂಕ ಬಿಟ್ಟುಕೊಟ್ಟಿತು. ಹಿಂದಿನ ವರ್ಷ ೪೩ ಪಂದ್ಯ ಗೆದ್ದಿದ್ದ ತಂಡಕ್ಕೆ ದಕ್ಕಿದ್ದು ೨೦.

ಏಕೆ ಹೀಗಾಯಿತು? ಕಾಲೇಜಿನ ಹುಡುಗರು ಅಟ್ಟಿಬಂದವರನ್ನು ಕಂಡು ಗಾಬರಿಗೊಂಡು ಚೆಂಡನ್ನು ಕೈಬಿಡುತ್ತಿದ್ದರು. ವೃತ್ತಿಪರರು ಗಾಬರಿಗೊಳ್ಳಲಿಲ್ಲ, ಎರಡು ಸಲ ಚೆಂಡು ಕೈಬದಲಾಯಿಸಿದರೆ ಅವರ ಮುಂದೆ ಬರಿದಾದ ಅಂಗಳ. ಕಾಲೇಜಿನ ಪಂದ್ಯ ೪೦ ನಿಮಿಷ, ವರ್ಷಕ್ಕೆ ಮೂವತ್ತರ ಆಸುಪಾಸು. ಇಲ್ಲಿ ೪೮ ನಿಮಿಷ, ಪಂದ್ಯಗಳು ೮೨. ತೆಳುಗಾಳಿ ಎದುರಾಳಿಗಳನ್ನು ಒಂದು ರಾತ್ರಿ ದಣಿಸಿದರೆ, ಓಟ ತನ್ನ ಆಟಗಾರರನ್ನೇ ಎಲ್ಲ ರಾತ್ರಿಯೂ ದಣಿಸಿತು. ಮೇಲಾಗಿ ಫ್ಯಾಟ್ ಲೀವರ್, ಅಲೆಕ್ಸ್ ಇಂಗ್ಲಿಷ್ ಎಂಬ ಇಬ್ಬರು ಅನುಭವಿಗಳು ಆ ಬೇಸಗೆಯಲ್ಲಿಯೇ ತಂಡದಿಂದ ಹೋಗಿದ್ದರು. ಎರಡನೆಯ ವರ್ಷ ವೆಸ್ಟ್‌ಹೆಡ್ ವೇಗವನ್ನು ತಗ್ಗಿಸಿದರು. ಗೆದ್ದದ್ದು ೨೪ ಪಂದ್ಯ. ೧೯೯೨ರಲ್ಲಿ ಅವರನ್ನು ಬೀಳ್ಕೊಡಲಾಯಿತು. ಎರೆಹೊಲದಲ್ಲಿ ಬಂಗಾರ ಬೆಳೆದ ಬೀಜವನ್ನು ಮಸಾರಿ ನೆಲದಲ್ಲಿ ಬಿತ್ತಿದ ರೈತನ ಸ್ಥಿತಿ ಅವರದಾಯಿತು. ಬೀಜ ಕೆಟ್ಟದ್ದಲ್ಲ, ದುಡಿಮೆಯಲ್ಲಿ ಮೋಸವಿಲ್ಲ; ನೆಲವನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಹಟಮಾರಿಯ ಕಥೆಯಾಗುತ್ತಿತ್ತು. ೨೦೦೬ರಲ್ಲಿ ಫೀನಿಕ್ಸ್ ನಗರದ ಮರ್ಕ್ಯುರಿ ಎಂಬ ಮಹಿಳೆಯರ ವೃತ್ತಿಪರ ತಂಡಕ್ಕೆ ಅವರು ಬಂದರು. ಡಯಾನಾ ಟೌರಾಸಿ, ಕ್ಯಾಪಿ ಪಾಂಡೆಕ್ಸ್ಟರ್, ಆಸ್ಟ್ರೇಲಿಯಾದ ಪೆನಿ ಟೇಲರ್ ಎಂಬ ಮೂವರು ಚುರುಕಾದ ಆಟಗಾರ್ತಿಯರು ಅಲ್ಲಿದ್ದರು. ಪಂದ್ಯ ೪೦ ನಿಮಿಷ. ಋತುವಿಗೆ ೩೪ ಪಂದ್ಯ. ಡೆನ್ವರಿನಲ್ಲಿ ನಗೆಪಾಟಲಾಗಿದ್ದ ಅದೇ ಓಟ, ಅದೇ ಎಸೆತ ಇಲ್ಲಿ ಹೊಂದಿಕೊಂಡಿತು. ೨೦೦೭ರ ಅಂತಿಮ ಸುತ್ತಿನಲ್ಲಿ, ಹಿಂದಿನ ವರ್ಷದ ವಿಜೇತರಾದ ಡೆಟ್ರಾಯಿಟ್ ತಂಡವನ್ನು ಅವರ ನೆಲದಲ್ಲಿಯೇ ಐದನೆಯ ಪಂದ್ಯದಲ್ಲಿ ೧೦೮–೯೨ ಅಂಕಗಳಿಂದ ಸೋಲಿಸಿ ಫೀನಿಕ್ಸ್ ಕಿರೀಟ ಧರಿಸಿತು. ಪುರುಷರ ತಂಡ, ಮಹಿಳೆಯರ ತಂಡ ಎರಡಕ್ಕೂ ಅಮೆರಿಕದ ವೃತ್ತಿಪರ ಕಿರೀಟವನ್ನು ತಂದ ಮೊದಲ ತರಬೇತುದಾರರೆಂಬ ಗೌರವ ೬೮ ವರ್ಷದ ಆ ಹಿರಿಯರಿಗೆ ಸಂದಿತು.

ಹಾಗಾದರೆ ವೆಸ್ಟ್‌ಹೆಡ್ ಸೋತವರೋ ಗೆದ್ದವರೋ? ಡೆನ್ವರಿನಲ್ಲಿ ಅವರು ಸೋತದ್ದು ನಿಜ. ಆ ಸೋಲಿನಲ್ಲಿ ಅವರ ಪಾಲು ಇದ್ದದ್ದೂ ನಿಜ. ಇದ್ದ ಆಟಗಾರರಿಗೆ ತಕ್ಕ ಆಟವನ್ನು ಹೆಣೆಯುವ ಬದಲು ತಮ್ಮ ಆಟಕ್ಕೆ ತಕ್ಕಂತೆ ಆಟಗಾರರು ಬದಲಾಗಬೇಕೆಂದು ಅವರು ಬಯಸಿದರು. ಆ ಬಯಕೆಯೇ ಇನ್ನೊಂದು ನೆಲದಲ್ಲಿ ಫಲ ಕೊಟ್ಟಿತು. ಗೆದ್ದೆತ್ತಿನ ಬಾಲ ಹಿಡಿಯುವ ಜನ ಇವೆರಡರಲ್ಲಿ ಒಂದನ್ನು ಮಾತ್ರ ನೆನೆಯುತ್ತಾರೆ. ಮನುಷ್ಯನನ್ನು ಅಳೆಯುವವರು ಎರಡನ್ನೂ ನೆನೆಯಬೇಕಾಗುತ್ತದೆ. ಪಿಟಿನೊ ಕೂಡ ಕಾಲೇಜಿನ ಅಂಗಳಕ್ಕೆ ಮರಳಿ, ೨೦೧೩ರಲ್ಲಿ ನೈಸ್ಮಿತ್ ಅವರ ಹೆಸರನ್ನು ಹೊತ್ತ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು.

ಆ ಕೀರ್ತಿಮಂದಿರ ಇರುವುದು ಆಟ ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ. ೫೫ ಗೆದ್ದು ೬೦ ಸೋತ ನೈಸ್ಮಿತ್ ಅವರ ಬಳಿ ಕಲಿತ ಫಾರೆಸ್ಟ್ ಆಲನ್ ಮುಂದೆ ಕ್ಯಾನ್ಸಾಸಿನಲ್ಲಿಯೇ ಹಲವು ದಶಕ ತಂಡವನ್ನು ನಡೆಸಿ ಮಹಾ ತರಬೇತುದಾರರೆನಿಸಿದರು. ಆಲನ್ ಅವರ ಗರಡಿಯಲ್ಲಿ ಪಳಗಿದ ಅಡಾಲ್ಫ್ ರಪ್, ಡೀನ್ ಸ್ಮಿತ್ ಮುಂತಾದವರು ತಾವೂ ಆ ಕೆಲಸದಲ್ಲಿ ಹೆಸರಾದರು. ಈ ಆಟವನ್ನು ಹೇಳಿಕೊಡಲಾಗದೆಂದು ನಕ್ಕವರ ಶಿಷ್ಯಪರಂಪರೆಯೇ ಅದನ್ನು ಹೇಳಿಕೊಡುವುದನ್ನು ಒಂದು ವಿದ್ಯೆಯನ್ನಾಗಿ ಮಾಡಿತು. ಗೆಲುವು ಸೋಲುಗಳನ್ನು ಬರೆಯುವ ಪುಸ್ತಕದಲ್ಲಿ ಇದಕ್ಕೆ ಅಂಕಣವಿಲ್ಲ. ಗೆರೆಯ ಹೊರಗೆ ನಿಂತವನ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕಾದರೆ, ಗೆರೆಯ ಒಳಗಿದ್ದವರು ಆಮೇಲೆ ಏನಾದರೆಂಬುದನ್ನೂ ಕೇಳಿ ಬರೆಯಬೇಕು.